ಹೊಡೆತದ ಮರುದಿನ ಬೆಳಿಗ್ಗೆ



ಸಿನಿಮಾ ಕುರಿತು ಸಂಪಾದಕೀಯ ಬರೆಯುವ ರೂಢಿ ನಮ್ಮ ಪತ್ರಿಕೆಗಿಲ್ಲ. ವರದಕ್ಷಿಣೆ ಸಾವುಗಳು, ನ್ಯಾಯಾಲಯದ ತೀರ್ಪುಗಳು, ದೂರು ಬರೆದುಕೊಳ್ಳದೆ ವಾಪಸು ಕಳಿಸಿದ ಠಾಣೆಗಳ ಕಥೆ, ಇವೇ ಈ ಪುಟವನ್ನು ತುಂಬುತ್ತವೆ. ಆದರೆ ಈಚೆಗೆ ಹಲವು ಸಂಘಗಳಿಂದ ಒಂದೇ ಪ್ರಶ್ನೆ ಬರುತ್ತಿದೆ. “ಮಹಿಳಾ ದಿನಕ್ಕೆ ಭಾಷಣ ಕೇಳಿ ಕೇಳಿ ಸಾಕಾಗಿದೆ ಮೇಡಂ, ಈ ಸಲ ಒಂದು ಸಿನಿಮಾ ತೋರಿಸೋಣ ಅಂತಿದ್ದೇವೆ, ಯಾವುದು ಹೇಳಿ.” ಭಾಷಣ ಮಾಡಿದವರಲ್ಲಿ ನಾನೂ ಒಬ್ಬಳಾದ್ದರಿಂದ ಈ ಮಾತಿಗೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಪ್ರಶ್ನೆ ಸಣ್ಣದಲ್ಲ. ಇಪ್ಪತ್ತು ಹೆಂಗಸರು ಚಾಪೆ ಹಾಸಿಕೊಂಡು ಕುಳಿತಾಗ ಅವರಲ್ಲಿ ಒಬ್ಬಳಾದರೂ ಹಿಂದಿನ ರಾತ್ರಿ ಏಟು ತಿಂದವಳು ಇದ್ದೇ ಇರುತ್ತಾಳೆ. ಅವಳ ಕಣ್ಣಿಗೆ ಏನನ್ನು ತೋರಿಸುತ್ತೇವೆ, ತೋರಿಸಿದ ಮೇಲೆ ಅವಳನ್ನು ಎಂಥ ಮನೆಗೆ ವಾಪಸು ಕಳಿಸುತ್ತೇವೆ ಎಂದು ಯೋಚಿಸದೆ ಪರದೆ ಕಟ್ಟಬಾರದು.

ನಿವೃತ್ತಿಯ ನಂತರ ನನಗೆ ಬಿಡುವಿದೆ. ಕೆಲವು ತಿಂಗಳಿಂದ ಈಚಿನ ತಮಿಳು ಚಿತ್ರಗಳನ್ನೂ ಹೊರದೇಶದ ಕೆಲವನ್ನೂ ಕುಳಿತು ನೋಡಿದೆ. ತಮಿಳು ಏಕೆಂದರೆ ಬೆಂಗಳೂರು, ಕೋಲಾರ, ಚಾಮರಾಜನಗರದ ಕಡೆಯ ಸಂಘಗಳಲ್ಲಿ ತಮಿಳು ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನೋಡುವಾಗ ನಾನು ಇಟ್ಟುಕೊಂಡ ಅಳತೆಗೋಲು ಒಂದೇ. ತೆರೆಯ ಮೇಲೆ ಹೆಂಗಸಿಗೆ ಹೊಡೆಯುವುದನ್ನು ತೋರಿಸುವುದು ಸುಲಭ, ಯಾವ ನಿರ್ದೇಶಕನೂ ತೋರಿಸಬಲ್ಲ. ಹೊಡೆತದ ಮರುದಿನ ಬೆಳಿಗ್ಗೆ ಒಲೆ ಹಚ್ಚಿದವರು ಯಾರು, ಮಗುವನ್ನು ಶಾಲೆಗೆ ಕಳಿಸಿದವರು ಯಾರು, ಅವಳ ಕೈಯಲ್ಲಿ ದುಡ್ಡೆಷ್ಟಿತ್ತು, ತವರಿನ ಬಸ್ಸು ಎಷ್ಟು ಹೊತ್ತಿಗೆ, ಹೋದರೆ ಅಲ್ಲಿ ಎಷ್ಟು ದಿನ ಅನ್ನ ಹಾಕುತ್ತಾರೆ? ಇವನ್ನು ತೋರಿಸುವ ಸಿನಿಮಾ ಅಪರೂಪ.

ಎಲ್ಲರೂ ನೋಡಿರುವ ಚಿತ್ರದಿಂದಲೇ ಶುರು ಮಾಡೋಣ. ನಿತಿಲನ್ ಸ್ವಾಮಿನಾಥನ್ ಅವರ ‘ಮಹಾರಾಜ’ 2024ರಲ್ಲಿ ಬಂದು ನೂರು ಕೋಟಿ ರೂಪಾಯಿಗೂ ಮಿಕ್ಕಿ ಗಳಿಸಿತು. ವಿಜಯ್ ಸೇತುಪತಿ ಕ್ಷೌರದ ಅಂಗಡಿಯವನಾಗಿ ಬಹಳ ಚೆನ್ನಾಗಿ ನಟಿಸಿದ್ದಾರೆ. ಕಳೆದುಹೋದ ಕಸದ ಡಬ್ಬಿಯನ್ನು ಹುಡುಕಿಕೊಡಿ ಎಂದು ಠಾಣೆಗೆ ಬರುವ ಈ ಮನುಷ್ಯ ನಿಜಕ್ಕೂ ಹುಡುಕುತ್ತಿರುವುದು ತನ್ನ ಮಗಳ ಮೇಲೆ ಅತ್ಯಾಚಾರ ಮಾಡಿದವರನ್ನು. ಕಥೆಯನ್ನು ಹಿಂದುಮುಂದು ಮಾಡಿ ಹೆಣೆದಿರುವ ಜಾಣತನಕ್ಕೆ ಎಲ್ಲರೂ ತಲೆದೂಗಿದರು. ನನಗೆ ಆ ಜಾಣತನವೇ ತೊಡಕಾಗಿ ಕಂಡಿತು. ಪ್ರೇಕ್ಷಕರಿಗೆ ಗುಟ್ಟು ಬಿಟ್ಟುಕೊಡಬಾರದೆಂದು ಆ ಹುಡುಗಿಯ ನೋವನ್ನೇ ಬಚ್ಚಿಡಲಾಗಿದೆ. ಅವಳು ಆಸ್ಪತ್ರೆಯಲ್ಲಿ ಹೇಗಿದ್ದಳು, ಯಾರೊಡನೆ ಮಾತಾಡಿದಳು, ರಾತ್ರಿ ನಿದ್ದೆ ಬಂತೇ? ನಮಗೆ ಗೊತ್ತಿಲ್ಲ. ನಮಗೆ ಗೊತ್ತಿರುವುದೆಲ್ಲ ಅಪ್ಪನ ಸಿಟ್ಟು. ಕೊನೆಯಲ್ಲಿ ಅವಳು ಅಪರಾಧಿಯ ಎದುರು ನಿಂತು ಮಾತಾಡುವ ಒಂದು ದೃಶ್ಯವಿದೆ, ಚಿತ್ರದ ಅತ್ಯುತ್ತಮ ದೃಶ್ಯವೂ ಅದೇ. ಅಲ್ಲಿಗೆ ಬರುವ ಹೊತ್ತಿಗೆ ಅಪ್ಪ ರಕ್ತ ಹರಿಸಿ ಮುಗಿಸಿದ್ದಾನೆ.

ಅಪ್ಪನಿಲ್ಲದಿದ್ದರೆ ಅಣ್ಣ. ತಮಿಳು ಚಿತ್ರರಂಗದಲ್ಲಿ ಅಣ್ಣ ತಂಗಿಯರ ಚಿತ್ರಗಳದ್ದೇ ಒಂದು ಪರಂಪರೆಯಿದೆ. 1961ರ ‘ಪಾಸಮಲರ್’ನಲ್ಲಿ ಶಿವಾಜಿ ಗಣೇಶನ್, ಸಾವಿತ್ರಿ. 2021ರ ‘ಅಣ್ಣಾತ್ತೆ’ಯಲ್ಲಿ ರಜನೀಕಾಂತ್, ಕೀರ್ತಿ ಸುರೇಶ್. ತಂಗಿ ಕೊಲ್ಕತ್ತದಲ್ಲಿ ಕಷ್ಟಕ್ಕೆ ಸಿಕ್ಕಿದರೆ ಅಣ್ಣ ಕಣ್ಣಿಗೆ ಕಾಣದೆ ಬಂದು ಶತ್ರುಗಳನ್ನು ಬಡಿಯುತ್ತಾನೆ. ನಾವೇನು ಕಡಿಮೆ? 2002ರಲ್ಲಿ ‘ತವರಿಗೆ ಬಾ ತಂಗಿ’ ನೋಡಿ ಸೆರಗಿನ ತುದಿ ಒದ್ದೆ ಮಾಡಿಕೊಂಡು ಬಂದವರು ನಮ್ಮಲ್ಲಿ ಎಷ್ಟು ಜನರಿಲ್ಲ! ಅತ್ತದ್ದು ತಪ್ಪಲ್ಲ. ಆದರೆ ಇಂಥ ಚಿತ್ರಗಳಲ್ಲಿ ತಟ್ಟೆ ತಟ್ಟೆಯಾಗಿ ಮೆರವಣಿಗೆ ಹೋಗುವ ಚಿನ್ನ, ಪಾತ್ರೆ, ಸೀರೆಗಳನ್ನು ಒಮ್ಮೆ ಎಣಿಸಿ ನೋಡಿ. ಅದಕ್ಕೆ ತಮಿಳಿನಲ್ಲಿ ‘ಸೀರ್’ ಎನ್ನುತ್ತಾರೆ. ತೆರೆಯ ಮೇಲೆ ಅದು ಅಣ್ಣನ ಪ್ರೀತಿ. ಠಾಣೆಯ ಕಡತದಲ್ಲಿ ಅದೇ ವರದಕ್ಷಿಣೆ. ‘ಪಾಸಮಲರ್’ ಬಿಡುಗಡೆಯಾದ 1961ರಲ್ಲಿಯೇ ನಮ್ಮ ದೇಶದಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆಯೂ ಬಂತು. ಅಂದಿನಿಂದ ಇಂದಿನವರೆಗೆ ಸಿನಿಮಾದ ಮದುವೆ ಮಂಟಪದೊಳಕ್ಕೆ ಆ ಕಾಯ್ದೆ ಕಾಲಿಟ್ಟದ್ದನ್ನು ನಾನಂತೂ ಹೆಚ್ಚು ಕಂಡಿಲ್ಲ. ಇನ್ನು ಅಣ್ಣನಿಲ್ಲದ ಹೆಣ್ಣು ಏನು ಮಾಡಬೇಕು, ಅಣ್ಣ ಇದ್ದೂ ಅತ್ತಿಗೆಗೆ ಹೆದರಿ ಬಾಗಿಲು ಹಾಕಿಕೊಂಡರೆ ಏನು ಮಾಡಬೇಕು ಎಂಬುದಕ್ಕೆ ಈ ಪರಂಪರೆಯಲ್ಲಿ ಉತ್ತರವಿಲ್ಲ.

ಸಾಯಿ ಪಲ್ಲವಿ ನಟಿಸಿದ ‘ಗಾರ್ಗಿ’ಯ ದಾರಿ ಬೇರೆ. 2022ರಲ್ಲಿ ಬಂದ, ಗೌತಮ್ ರಾಮಚಂದ್ರನ್ ನಿರ್ದೇಶನದ ಈ ಚಿತ್ರ ಕನ್ನಡದಲ್ಲಿಯೂ ಬಂತು. ಪುಟ್ಟ ಹುಡುಗಿಯೊಬ್ಬಳ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಕಾವಲುಗಾರನ ಕೆಲಸದ ತಂದೆ ಬಂಧಿತನಾಗುತ್ತಾನೆ. ಶಾಲಾ ಶಿಕ್ಷಕಿಯಾದ ಮಗಳು ಗಾರ್ಗಿ ಅವನನ್ನು ಬಿಡಿಸಲು ಮನೆ, ಮಾನ, ಕೆಲಸ ಎಲ್ಲವನ್ನೂ ಪಣಕ್ಕಿಡುತ್ತಾಳೆ. ಕೊನೆಗೆ ಸತ್ಯ ತಿಳಿದಾಗ ಅವಳೇ ಅವನ ವಿರುದ್ಧ ನಿಲ್ಲುತ್ತಾಳೆ. ಕಥೆಯ ಗುಟ್ಟನ್ನು ಹೇಳಿಬಿಟ್ಟೆ, ಬೇಸರ ಬೇಡ. ಗುಟ್ಟು ತಿಳಿದು ನೋಡಿದರೆ ಆ ಹುಡುಗಿಯ ಮುಖ ಇನ್ನಷ್ಟು ಅರ್ಥವಾಗುತ್ತದೆ. “ನಮ್ಮವರು ಅಂಥವರಲ್ಲ” ಎಂಬ ಮಾತನ್ನು ನಾವು ಎಷ್ಟು ಪಂಚಾಯ್ತಿಗಳಲ್ಲಿ ಕೇಳಿಲ್ಲ! ಗಂಡನ ಬಗ್ಗೆ, ಮಗನ ಬಗ್ಗೆ, ಮೈದುನನ ಬಗ್ಗೆ. ಸೊಸೆ ಸುಟ್ಟು ಸತ್ತ ಮನೆಗಳಲ್ಲಿ ಸ್ಟೌ ಸಿಡಿಯಿತು ಎಂದು ಹೇಳಿಕೆ ಕೊಟ್ಟವರಲ್ಲಿ ಹೆಂಗಸರೂ ಇದ್ದರು. ‘ಗಾರ್ಗಿ’ ಆ ಮಾತನ್ನು ಒಳಗಿನಿಂದ ಒಡೆಯುತ್ತದೆ.

ಈಗ ನನಗೆ ಬಹಳ ಮುಖ್ಯವೆನಿಸಿದ ನಿರ್ದೇಶಕರೊಬ್ಬರ ಬಗ್ಗೆ ಹೇಳಬೇಕು. ಮದುರೆ ಸೀಮೆಯ ಪಿ. ಎಸ್. ವಿನೋದ್‌ರಾಜ್. ಇವರ ಮೊದಲ ಚಿತ್ರ ‘ಕೂಳಾಂಗಲ್’, ಅಂದರೆ ಬೆಣಚುಕಲ್ಲು, 2021ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು. ತಮ್ಮ ಸಹೋದರಿಯನ್ನು ಗಂಡನ ಮನೆಯವರು ಹೊರಗೆ ಹಾಕಿದಾಗ ಅವರು ಮಗುವನ್ನು ಎತ್ತಿಕೊಂಡು ತವರಿಗೆ ನಡೆದುಬಂದ ಘಟನೆಯೇ ಇದಕ್ಕೆ ಮೂಲ ಎಂದು ನಿರ್ದೇಶಕರೇ ಹೇಳಿದ್ದಾರೆ. ಚಿತ್ರದಲ್ಲಿ ಅವರು ಅದನ್ನು ತಿರುಗುಮುರುಗು ಮಾಡಿದ್ದಾರೆ. ಇಲ್ಲಿ ನಡೆಯುವವನು ಗಂಡ. ತವರಿಗೆ ಹೋದ ಹೆಂಡತಿಯನ್ನು ಎಳೆದು ತರಲು ಕುಡುಕ ಗಣಪತಿ ಶಾಲೆಯಲ್ಲಿದ್ದ ಮಗ ವೇಲುವನ್ನು ಎಬ್ಬಿಸಿಕೊಂಡು ಹೊರಡುತ್ತಾನೆ. ಅಲ್ಲಿ ಹೋದರೆ ಅವಳಿಲ್ಲ, ಆಗಲೇ ಮನೆಗೆ ಹೊರಟಿದ್ದಾಳೆ. ವಾಪಸು ಹೋಗಿ ಅವಳನ್ನು ಕೊಲ್ಲುತ್ತೇನೆಂದು ಅಪ್ಪ ಕೂಗಾಡುತ್ತಾನೆ. ಆಗ ಆ ಹುಡುಗ ಬಸ್ಸಿನ ದುಡ್ಡಿನ ನೋಟುಗಳನ್ನು ಹರಿದುಹಾಕುತ್ತಾನೆ. ಇನ್ನು ನಡೆದೇ ಹೋಗಬೇಕು, ಸುಡುಬಿಸಿಲಿನಲ್ಲಿ, ಮೈಲಿಗಟ್ಟಲೆ.

ಅಮ್ಮನನ್ನು ಉಳಿಸಲು ಮಗುವಿಗೆ ಸಾಧ್ಯವಾದದ್ದು ಅಷ್ಟೇ, ಅಪ್ಪ ಮನೆ ಮುಟ್ಟುವುದನ್ನು ಕೆಲವು ಗಂಟೆ ತಡಮಾಡುವುದು. ನಾನು ಇದುವರೆಗೆ ನೋಡಿದ ಸಿನಿಮಾಗಳಲ್ಲಿ ಏಟು ತಿನ್ನುವ ಮನೆಯ ಮಕ್ಕಳನ್ನು ಇಷ್ಟು ಚೆನ್ನಾಗಿ ಅರಿತದ್ದು ಇನ್ನೊಂದಿಲ್ಲ. ಹೆಂಡತಿಯ ಮುಖವನ್ನೇ ಚಿತ್ರ ತೋರಿಸುವುದಿಲ್ಲ. ಬಾಯಾರಿಕೆಗೆ ವೇಲು ಒಂದು ಬೆಣಚುಕಲ್ಲನ್ನು ಬಾಯಲ್ಲಿಟ್ಟುಕೊಂಡು ನಡೆಯುತ್ತಾನೆ. ಮನೆಗೆ ಬಂದು ಅದನ್ನು ಗೂಡಿನಲ್ಲಿ ಇಡುವಾಗ ಅಲ್ಲಿ ಅಂಥವೇ ಕಲ್ಲುಗಳು ಸಾಲಾಗಿವೆ. ಇದು ಮೊದಲನೆಯ ನಡಿಗೆಯಲ್ಲ ಎಂದು ನಮಗೆ ತಿಳಿಯುತ್ತದೆ. ಕೊನೆಯಲ್ಲಿ ಹೆಂಗಸರು ಒಂದು ಗುಂಡಿಯ ಸುತ್ತ ಕುಳಿತು, ಒಸರುವ ನೀರನ್ನು ತುಸುತುಸುವೇ ಮೊಗೆದು ಕೊಡ ತುಂಬುತ್ತಾರೆ. ಮರುದಿನವೆಂದರೆ ಇದೇ ಅಲ್ಲವೇ? ಯಾರು ಯಾರಿಗೆ ಹೊಡೆದರೂ ನೀರು ತರಬೇಕಾದವಳು ಅವಳೇ.

ವಿನೋದ್‌ರಾಜ್ ಅವರ ಎರಡನೆಯ ಚಿತ್ರ ‘ಕೊಟ್ಟುಕ್ಕಾಳಿ’ 2024ರಲ್ಲಿ ಬಂತು. ಹಟಮಾರಿ ಹೆಣ್ಣು ಎಂದು ಅರ್ಥ. ಮೀನಾ ಎಂಬ ಹುಡುಗಿ ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಾಳೆ. ಮನೆಯವರಿಗೆ ಅದು ಮೆಚ್ಚಿಗೆಯಾಗಿ ಕಾಣುವುದಿಲ್ಲ, ಗಾಳಿ ಹಿಡಿದಂತೆ ಕಾಣುತ್ತದೆ. ಅವಳನ್ನು ಆಟೊದಲ್ಲಿ ಕೂರಿಸಿ, ಜೊತೆಗೊಂದು ಹುಂಜ ಇಟ್ಟುಕೊಂಡು, ಮಂತ್ರವಾದಿಯ ಹತ್ತಿರ ಹೊರಡುತ್ತಾರೆ. ಅವಳೊಂದಿಗೆ ಮದುವೆ ಗೊತ್ತಾಗಿರುವ ಪಾಂಡಿಯಾಗಿ ಹಾಸ್ಯನಟ ಸೂರಿ, ಮೀನಾ ಆಗಿ ಅನ್ನಾ ಬೆನ್. ಹಿನ್ನೆಲೆ ಸಂಗೀತವೇ ಇಲ್ಲ. ದಾರಿಯಲ್ಲಿ ಎಲ್ಲಿಂದಲೋ ಬಂದ ಹಾಡನ್ನು ಮೀನಾ ತುಟಿಯಲ್ಲೇ ಗುನುಗಿದ್ದು ನೋಡಿ ಪಾಂಡಿ ಅವಳನ್ನು ಬಡಿಯುತ್ತಾನೆ, ಬಿಡಿಸಲು ಬಂದ ಮನೆಯ ಹೆಂಗಸರನ್ನೂ ಬಡಿಯುತ್ತಾನೆ. ಆಮೇಲೆ? ಆಮೇಲೆ ಎಲ್ಲರೂ ಮತ್ತೆ ಆಟೊ ಹತ್ತುತ್ತಾರೆ. ಪ್ರಯಾಣ ಮುಂದುವರಿಯುತ್ತದೆ. ಆ ಹತ್ತುವಿಕೆಯನ್ನು ನೋಡುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಮದುವೆಗೆ ಹೊರಟ ಎಷ್ಟು ವ್ಯಾನುಗಳಲ್ಲಿ, ಜಾತ್ರೆಗೆ ಹೊರಟ ಎಷ್ಟು ಟೆಂಪೋಗಳಲ್ಲಿ ನಾವು ಹೀಗೆ ಸೆರಗು ಸರಿಮಾಡಿಕೊಂಡು ಮತ್ತೆ ಹತ್ತಿ ಕುಳಿತಿಲ್ಲ?

ಈ ಚಿತ್ರದ ಮೇಲೆ ನನ್ನದೊಂದು ತಕರಾರಿದೆ. ಕೊನೆಯಲ್ಲಿ ಮಂತ್ರವಾದಿ ಇನ್ನೊಬ್ಬ ಹುಡುಗಿಯ ಮೈಮುಟ್ಟುವ ರೀತಿ ಕಂಡು ಪಾಂಡಿಗೆ ಕಸಿವಿಸಿಯಾಗುತ್ತದೆ. ಮೀನಾಳನ್ನು ಒಳಗೆ ಕಳಿಸುವನೋ ಬಿಡುವನೋ ಎಂಬಲ್ಲಿಗೆ ಚಿತ್ರ ನಿಲ್ಲುತ್ತದೆ. ಉದ್ದಕ್ಕೂ ಬಾಯಿ ಬಿಡದ ಮೀನಾಳ ಮೌನವೇ ಅವಳ ಹಟ, ಒಪ್ಪುತ್ತೇನೆ. ಆದರೂ ನಿರ್ಧಾರ ಯಾರ ಕೈಯಲ್ಲಿ ಉಳಿಯಿತು? ಮತ್ತೆ ಹೊಡೆದವನ ಕೈಯಲ್ಲೇ. ಅವನ ಮನಸ್ಸು ಕರಗಿದರೆ ಉಳಿದೆ, ಇಲ್ಲವಾದರೆ ಇಲ್ಲ. ನಿರ್ದೇಶಕರು ಗಂಡಸರನ್ನು ಉದ್ದೇಶಿಸಿ ಈ ಪ್ರಶ್ನೆ ಕೇಳಿದ್ದಾರೆ ಎಂದು ವಾದಿಸಬಹುದು. ಚಾಪೆಯ ಮೇಲೆ ಕುಳಿತ ನಮ್ಮ ಹುಡುಗಿಗೆ ಅದರಿಂದ ಏನೂ ಸಿಗುವುದಿಲ್ಲ.

ಹೊರದೇಶದ ಚಿತ್ರಗಳನ್ನು ನಮ್ಮ ಹಳ್ಳಿಯ ಹೆಂಗಸರಿಗೆ ತೋರಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ಅಡಿಬರಹ ಓದಲು ಬಾರದಿದ್ದರೆ ಒಬ್ಬರು ಪಕ್ಕದಲ್ಲಿ ಕುಳಿತು ಹೇಳುತ್ತ ಹೋದರಾಯಿತು. ಹರಿಕಥೆಗೆ ಕುಳಿತು ಅಭ್ಯಾಸವಿರುವ ನಮಗೆ ಅದು ಕಷ್ಟವೇ?

ಇಟಲಿಯ ‘ನಾಳೆ ಇನ್ನೂ ಇದೆ’ ಎಂಬ ಚಿತ್ರ 2023ರದ್ದು. ಪಾವೊಲಾ ಕೊರ್ತೆಲ್ಲೇಸಿ ಎಂಬ ಹಾಸ್ಯನಟಿ ತಾವೇ ನಿರ್ದೇಶಿಸಿ ನಟಿಸಿದ್ದಾರೆ. ಅರ್ಧ ನಗು, ಅರ್ಧ ಅಳುವಿನ ಕಪ್ಪುಬಿಳುಪು ಚಿತ್ರ. ಆ ವರ್ಷ ಇಟಲಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಣ ಗಳಿಸಿದ ಚಿತ್ರ ಇದೇ, 50 ಲಕ್ಷಕ್ಕೂ ಹೆಚ್ಚು ಜನ ಚಿತ್ರಮಂದಿರಕ್ಕೆ ಬಂದು ನೋಡಿದರು. ಕಥೆ 1946ರ ರೋಮ್ ನಗರದ್ದು. ಡೆಲಿಯಾ ಬೆಳಿಗ್ಗೆ ಕಣ್ಣು ಬಿಟ್ಟು ಗಂಡನಿಗೆ ಶುಭ ಕೋರುತ್ತಾಳೆ, ಅವನು ಕೆನ್ನೆಗೆ ಬಾರಿಸುತ್ತಾನೆ. ಅವಳು ಎದ್ದು ಕೆಲಸಕ್ಕೆ ತೊಡಗುತ್ತಾಳೆ. ಹಾಸಿಗೆ ಹಿಡಿದ ಮಾವ ಮಗನಿಗೆ ಬುದ್ಧಿ ಹೇಳುತ್ತಾನೆ, ದಿನಾ ಹೊಡೆದರೆ ಅಭ್ಯಾಸವಾಗಿಬಿಡುತ್ತದೆ, ಅಪರೂಪಕ್ಕೆ ಒಂದು ಬಲವಾಗಿ ಕೊಡು ಎಂದು! ಡೆಲಿಯಾ ಮನೆಮನೆಗೆ ಹೋಗಿ ಚುಚ್ಚುಮದ್ದು ಕೊಡುತ್ತಾಳೆ, ಬಟ್ಟೆ ಹೊಲಿಯುತ್ತಾಳೆ, ಕೊಡೆ ರಿಪೇರಿ ಮಾಡುತ್ತಾಳೆ. ಕೊಡೆ ಅಂಗಡಿಗೆ ಹೊಸದಾಗಿ ಬಂದ ಹುಡುಗನಿಗೆ ಕೆಲಸ ಕಲಿಸುವವಳು ಅವಳು, ಹೆಚ್ಚು ಕೂಲಿ ಅವನಿಗೆ, ಏಕೆಂದರೆ ಅವನು ಗಂಡಸು. ಕಳೆ ಕೀಳುವ ಕೂಲಿ, ಗಾರೆ ಕೆಲಸದ ಕೂಲಿ ಬಲ್ಲ ನಮಗೆ ಇದನ್ನು ವಿವರಿಸಬೇಕಿಲ್ಲ.

ದುಡಿದ ಹಣವನ್ನೆಲ್ಲ ಗಂಡನಿಗೆ ಒಪ್ಪಿಸಬೇಕು. ಡೆಲಿಯಾ ಒಂದಷ್ಟನ್ನು ಕದ್ದು ಕೂಡಿಡುತ್ತಾಳೆ, ಮಗಳ ಮದುವೆಯ ಉಡುಪಿಗೆಂದು. ಸಾಸಿವೆ ಡಬ್ಬಿ ನೆನಪಾಗುವುದಿಲ್ಲವೇ? ಮಗಳಿಗೆ ಸಿರಿವಂತರ ಮನೆಯ ಸಂಬಂಧ ಕೂಡಿಬಂದಿದೆ. ಆದರೆ ಆ ಹುಡುಗ ಮಗಳ ಗಲ್ಲ ಹಿಡಿದು, ತುಟಿಯ ಬಣ್ಣ ಒರೆಸು, ಮದುವೆಯ ಮೇಲೆ ಕೆಲಸಕ್ಕೆ ಹೋಗಕೂಡದು ಎನ್ನುವುದನ್ನು ಡೆಲಿಯಾ ಒಂದು ದಿನ ಕಾಣುತ್ತಾಳೆ. ಅವಳಿಗೆ ಆ ದನಿ ಗೊತ್ತು. ಸಂಬಂಧ ಮುರಿಯುವಂತೆ ಅವಳು ಮಾಡುವ ಉಪಾಯ ನಗೆ ತರಿಸುತ್ತದೆ, ಅದನ್ನು ನೀವೇ ನೋಡಿ. ಕೂಡಿಟ್ಟ ಹಣವನ್ನು ಮಗಳ ಓದಿಗೆಂದು ಬಿಡುತ್ತಾಳೆ. ಇನ್ನು ಅವಳಿಗೆ ಬಂದ ಒಂದು ಕಾಗದ. ಗುಟ್ಟಾಗಿ ಬಚ್ಚಿಡುತ್ತಾಳೆ. ಹಳೆಯ ಪ್ರಿಯಕರನ ಪತ್ರ, ಅವನೊಡನೆ ಓಡಿಹೋಗುತ್ತಾಳೆ ಎಂದೇ ನಾವು ತಿಳಿದಿರುತ್ತೇವೆ. ಅದು ಮತದಾನದ ಚೀಟಿ! 1946ರ ಜೂನ್ 2 ಮತ್ತು 3ರಂದು ಇಟಲಿಯ ಹೆಂಗಸರು ಮೊದಲ ಬಾರಿಗೆ ರಾಷ್ಟ್ರಮಟ್ಟದ ಮತದಾನದಲ್ಲಿ ಭಾಗವಹಿಸಿದರು. ಮೊದಲ ದಿನ ಮಾವ ಸತ್ತು ಮನೆ ತುಂಬ ಜನ, ಹೊರಡಲಾಗುವುದಿಲ್ಲ. ನಾಳೆ ಇನ್ನೂ ಇದೆ.

ನಮ್ಮ ದೇಶದ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿ ತಮ್ಮ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಡೆಲಿಯಾ ಆ ಚೀಟಿಯ ಮೇಲೆ ತನ್ನ ಹೆಸರು ನೋಡುವಾಗ ನನಗೆ ಅವರೆಲ್ಲ ನೆನಪಾದರು.

ಆದರೆ ನನ್ನ ಅಳತೆಗೋಲನ್ನು ಇಲ್ಲಿಯೂ ಇಟ್ಟು ನೋಡಬೇಕಷ್ಟೆ. ಮತ ಹಾಕಿ ಹೊರಬಂದ ಡೆಲಿಯಾಳನ್ನು ಹುಡುಕಿಕೊಂಡು ಗಂಡ ಬಂದಿದ್ದಾನೆ. ನೂರಾರು ಹೆಂಗಸರು ಬಾಯಿ ಮುಚ್ಚಿ ಅವನನ್ನೇ ದಿಟ್ಟಿಸುತ್ತಾರೆ, ಅವನು ಹಿಂದೆ ಸರಿಯುತ್ತಾನೆ. ಎದೆ ತುಂಬಿ ಬರುತ್ತದೆ. ಸರಿ, ಸಂಜೆಗೆ ಅವಳು ಹೋದದ್ದು ಎಲ್ಲಿಗೆ? ಅದೇ ಮನೆಗೆ. ಇಟಲಿಯಲ್ಲಿ ವಿಚ್ಛೇದನದ ಕಾನೂನು ಬಂದದ್ದು 1970ರಲ್ಲಿ. ಸಂಸಾರದಲ್ಲಿ ಗಂಡಹೆಂಡಿರನ್ನು ಸಮಾನರೆಂದು ಒಪ್ಪಿದ ಕಾನೂನು 1975ರದ್ದು. ಮಾನ ಹೋಯಿತೆಂದು ಹೆಂಡತಿಯನ್ನೋ ಮಗಳನ್ನೋ ಕೊಂದವನಿಗೆ ಕಡಿಮೆ ಶಿಕ್ಷೆ ಕೊಡುತ್ತಿದ್ದ ಕಲಮು ರದ್ದಾದದ್ದು 1981ರಲ್ಲಿ. ಒಂದು ಮತದಿಂದ ಅಲ್ಲಿಯವರೆಗೆ 35 ವರ್ಷ. ಈ ಲೆಕ್ಕವನ್ನು ಚಿತ್ರದ ನಂತರ ಸಂಘದಲ್ಲಿ ಹೇಳಲೇಬೇಕು.

‘ಅದೃಶ್ಯ ಮನುಷ್ಯ’ ಎಂಬ 2020ರ ಇಂಗ್ಲಿಷ್ ಭಯಾನಕ ಚಿತ್ರದ ಬಗ್ಗೆ ಎರಡೇ ಮಾತು. ಗಂಡಸಿನ ಮನೆಯಿಂದ ರಾತ್ರೋರಾತ್ರಿ ತಪ್ಪಿಸಿಕೊಂಡ ಹೆಣ್ಣಿಗೆ ಬಾಗಿಲ ಮುಂದಿನ ಅಂಚೆ ಪೆಟ್ಟಿಗೆಯವರೆಗೆ ಹೋಗಲೂ ಧೈರ್ಯವಿಲ್ಲ. ಅವನು ಸತ್ತನೆಂದು ಎಲ್ಲರೂ ಹೇಳುತ್ತಾರೆ, ಅವನು ಇಲ್ಲೇ ಇದ್ದಾನೆ ಎಂದು ಇವಳು. ಇವಳಿಗೇ ಹುಚ್ಚು ಎನ್ನುತ್ತಾರೆ. ಯಾರೂ ನಂಬದ ಸ್ಥಿತಿಯನ್ನು ದೆವ್ವದ ಕಥೆಯಂತೆ ಹೇಳಿದ್ದು ಸರಿಯಾಗಿದೆ. ಕೊನೆಗೆ ಅವಳು ಅವನನ್ನು ಕೊಲ್ಲುವುದು ಸಿನಿಮಾದ ಅಡ್ಡದಾರಿ. ನಮ್ಮಲ್ಲಿ ಹಾಗೆ ಮಾಡಿದವಳು ಜೈಲಿನಲ್ಲಿರುತ್ತಾಳೆ, ಮಕ್ಕಳು ಬೀದಿಯಲ್ಲಿ.

ಐರ್ಲೆಂಡಿನ ‘ಹರ್‌ಸೆಲ್ಫ್’, ಅಂದರೆ ‘ಅವಳೇ’, ಕೂಡ 2020ರದ್ದು. ಸಂಘಗಳಿಗೆ ನಾನು ಮೊದಲು ಹೇಳುವ ಚಿತ್ರ ಇದು. ಸಾಂಡ್ರಾ ತನ್ನ ದೊಡ್ಡ ಮಗಳಿಗೆ ಮೊದಲೇ ಒಂದು ಗುಟ್ಟಿನ ಮಾತು ಹೇಳಿಕೊಟ್ಟಿದ್ದಾಳೆ. ಆ ಮಾತು ಕಿವಿಗೆ ಬಿದ್ದರೆ ಒಂದು ಡಬ್ಬಿ ಹಿಡಿದು ಅಂಗಡಿಗೆ ಓಡಬೇಕು, ಡಬ್ಬಿಯಲ್ಲಿ ವಿಳಾಸ, ಪೊಲೀಸರನ್ನು ಕರೆಯಿರಿ ಎಂಬ ಚೀಟಿ. ಗಂಡ ಅವಳ ಕೈಯನ್ನು ತುಳಿದು ಮುರಿಯುತ್ತಿರುವಾಗ ಆ ಮಗು ಓಡುತ್ತದೆ. ಇದು ಚಿತ್ರದ ಆರಂಭ, ಮಿಕ್ಕದ್ದೆಲ್ಲ ಮರುದಿನಗಳೇ. ಎರಡು ಮಕ್ಕಳೊಂದಿಗೆ ಸರ್ಕಾರ ಕೊಟ್ಟ ಹೋಟೆಲ್ ಕೋಣೆ, ಎರಡೆರಡು ಕಡೆ ಕಸ ಮುಸುರೆ ಕೆಲಸ, ಮನೆಗಾಗಿ ಮುಗಿಯದ ಸರದಿ. ಕಡಿಮೆ ಖರ್ಚಿನಲ್ಲಿ ತಾನೇ ಮನೆ ಕಟ್ಟುತ್ತೇನೆ ಎಂದು ಅವಳು ಹೊರಡುತ್ತಾಳೆ. ಮನೆಗೆಲಸಕ್ಕೆ ಹೋಗುವಲ್ಲಿನ ವೃದ್ಧ ವೈದ್ಯೆ ಹಿತ್ತಿಲಲ್ಲಿ ಜಾಗ ಕೊಡುತ್ತಾರೆ. ಪರಿಚಿತರು, ಅಪರಿಚಿತರು ವಾರದ ಕೊನೆಗೆ ಬಂದು ಕೈಹಾಕುತ್ತಾರೆ. ನಮ್ಮ ಮುಯ್ಯಾಳು ಪದ್ಧತಿ ಆ ದೇಶದಲ್ಲಿಯೂ ಇದೆ! ನ್ಯಾಯಾಲಯದಲ್ಲಿ, ಅವನನ್ನು ಬಿಟ್ಟು ಏಕೆ ಬರಲಿಲ್ಲ ಎಂಬ ಮಾತು ಬಂದಾಗ, ಹೊಡೆಯುವುದನ್ನು ಏಕೆ ನಿಲ್ಲಿಸಲಿಲ್ಲ ಎಂದು ಅವನನ್ನು ಯಾರೂ ಏಕೆ ಕೇಳುವುದಿಲ್ಲ ಎನ್ನುತ್ತಾಳೆ. ಮನೆ ಎದ್ದು ನಿಂತ ಮೇಲೆ ಗಂಡ ಅದಕ್ಕೆ ಬೆಂಕಿ ಇಡುತ್ತಾನೆ. ಬೂದಿಯ ನಡುವೆ ಅಡಿಪಾಯ ಉಳಿದಿದೆ, ಅಲ್ಲಿಂದ ಮತ್ತೆ ಬಗೆಯಲು ಶುರು.

ನಮ್ಮಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೇಳುವಂತೆ, ಪತ್ರ ಯಾರ ಹೆಸರಿನಲ್ಲಿದ್ದರೂ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಂಡತಿಗಿದೆ. ಆ ಹಕ್ಕನ್ನು ಹಿಡಿದು ಅದೇ ಮನೆಯಲ್ಲಿ ಉಳಿಯಬೇಕೋ, ಬೇರೆ ಸೂರು ಹುಡುಕಬೇಕೋ? ‘ಹರ್‌ಸೆಲ್ಫ್’ ನೋಡಿದ ಮೇಲೆ ಈ ಚರ್ಚೆ ತಾನಾಗಿಯೇ ಏಳುತ್ತದೆ. ಸಂಘದ ಸಾಲದ ಪುಸ್ತಕವನ್ನು ಹತ್ತಿರ ಇಟ್ಟುಕೊಂಡು ಮಾತಾಡಿ.

ಫ್ರಾನ್ಸಿನ ‘ಕಸ್ಟಡಿ’ (2017) ಬಹಳ ಒಳ್ಳೆಯ ಚಿತ್ರ, ಆದರೆ ಅದನ್ನು ಎಲ್ಲರ ಮುಂದೆ ಹಾಕಬೇಡಿ. ಮಗನನ್ನು ವಾರದ ಕೊನೆಗೆ ತಂದೆಯೊಡನೆ ಕಳಿಸಬೇಕೆಂದು ನ್ಯಾಯಾಧೀಶರು ಆಜ್ಞೆ ಮಾಡಿದ ಮೇಲೆ ಏನಾಗುತ್ತದೆ ಎಂಬ ಕಥೆ. ಕೊನೆಯ ಕಾಲುಗಂಟೆಯಲ್ಲಿ ಅವನು ಬಂದೂಕು ಹಿಡಿದು ಬಾಗಿಲು ಒಡೆಯುವಾಗ ತಾಯಿ ಮಗ ಸ್ನಾನದ ತೊಟ್ಟಿಯಲ್ಲಿ ಮಲಗಿ ನಡುಗುತ್ತಾರೆ. ಅದನ್ನು ಅನುಭವಿಸಿದವಳಿಗೆ ತಡೆದುಕೊಳ್ಳಲಾಗದು. ಸಂಘದ ಪ್ರತಿನಿಧಿಗಳು, ಕಾರ್ಯಕರ್ತೆಯರು ಮಾತ್ರ ನೋಡಿ. ಮುಖ್ಯವಾಗಿ ಪಕ್ಕದ ಮನೆಯ ಮುದುಕಿಯನ್ನು ಗಮನಿಸಿ. ಆಕೆ ಮಾಡುವುದು ಒಂದೇ ಕೆಲಸ, ಪೊಲೀಸರಿಗೆ ಫೋನ್.

ಆದ್ದರಿಂದ ಮಾರ್ಚ್ 8ಕ್ಕೆ ಪರದೆ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟು. ಚಿತ್ರವನ್ನು ಮೊದಲು ಇಬ್ಬರಾದರೂ ನೋಡಿರಿ. ‘ಕೂಳಾಂಗಲ್’ ಒಂದೂಕಾಲು ಗಂಟೆಯದ್ದು, ವಾರದ ಉಳಿತಾಯ ಕಟ್ಟಿಸಿಕೊಂಡ ಮೇಲೆ ತೋರಿಸಿದರೂ ಹೊತ್ತು ಮುಳುಗುವ ಮೊದಲು ಮುಗಿಯುತ್ತದೆ. ಗೋಡೆಯ ಮೇಲೆ ಮಹಿಳಾ ಸಹಾಯವಾಣಿ 181, ತುರ್ತು ಕರೆ 112 ಎಂದು ದೊಡ್ಡ ಅಕ್ಷರದಲ್ಲಿ ಬರೆದಿಡಿ. ಗಂಡನ ಮನೆಯವರ ಕ್ರೌರ್ಯಕ್ಕೆ ಹಿಂದೆ ಇದ್ದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ, ಹಳೆಯ ಕಲಮು ಹೋಯಿತು, ಕೇಸೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿನಿಮಾ ಮುಗಿದ ಮೇಲೆ ಎದ್ದು ಹೋಗದೆ ಕುಳಿತೇ ಇರುವವಳು ಒಬ್ಬಳಿರುತ್ತಾಳೆ. ಚಾಪೆ ಮಡಚುವ ಅವಸರ ಬೇಡ, ಅವಳ ಪಕ್ಕದಲ್ಲಿ ಒಬ್ಬರು ಕುಳಿತುಕೊಳ್ಳಿ. ಯಾವ ಚಿತ್ರ ನೋಡಿದಿರಿ, ಏನು ಮಾತಾಯಿತು, ಯಾರಿಗೆ ಸಿಟ್ಟು ಬಂತು ಎಂದು ನಾಲ್ಕು ಸಾಲು ಬರೆದು ಕಳಿಸಿ. ಬರೆಯಲು ಬಾರದವರು ಹೇಳಿ ಬರೆಸಿ. ಹೆಸರು ಬೇಡವೆಂದರೆ ಹಾಕುವುದಿಲ್ಲ.